ಶೀಟು ಇದ್ದಲ್ಲಿ ತಾರಸಿ ಉಂಟು

ರತ್ನಾವತಿ ನಿಂತು ಹೂ ಕಟ್ಟಲು ತೊಡಗಿ ಎರಡು ವರ್ಷವಾಗಿತ್ತು. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರು ಜಗಲಿಯ ಮೇಲೆ ಕಾಲು ನೀಡಿ ಕುಳಿತು, ಮಡಿಲಲ್ಲಿ ಮೊಗ್ಗಿನ ರಾಶಿ ಹಾಕಿಕೊಂಡು, ಊರಿನ ಸುದ್ದಿಯನ್ನೂ ಬಾಳೆನಾರಿನ ಜೊತೆಗೇ ಸುತ್ತುತ್ತ ಕಟ್ಟುವವರು. ರತ್ನಾವತಿಯ ಬಲಸೊಂಟದ ಕೀಲು ಸವೆದು, ಕುಳಿತರೆ ಏಳುವುದಕ್ಕೆ ಇನ್ನೊಬ್ಬರ ಕೈ ಬೇಕಾದ ಮೇಲೆ, ಅವಳು ನಾರಿನ ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು ನಿಂತೇ ಕಟ್ಟುವುದನ್ನು ರೂಢಿ ಮಾಡಿಕೊಂಡಳು. ಅದು ಅವಳ ಮನೆಯ ಕಿಟಕಿಯಲ್ಲ, ನೆರೆಮನೆಯ ಜೋಸ್ಲಿನ್‌ಳ ಅಡುಗೆಕೋಣೆಯದು. ಹೊರಗೆ ನಿಂತು ಅವಳು ಕಟ್ಟುವುದು, ಒಳಗೆ ಜೋಸ್ಲಿನ್ ಬುತ್ತಿಗೆ ಅನ್ನ ತುಂಬುವುದು, ಸರಳಿನ ಸಂದಿಯಿಂದ ಇಬ್ಬರ ಮಾತು. ಜೋಸ್ಲಿನ್ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಡುವ ತನಕ ಇದು ನಡೆಯುತ್ತಿತ್ತು.

ಎರಡು ಮನೆಗಳ ನಡುವೆ ಗೋಡೆ ಇರಲಿಲ್ಲ. ಜೋಸ್ಲಿನ್‌ಳ ಮಾವ ಸ್ಟ್ಯಾನಿಸ್ಲಾಸರ ತಂದೆಯ ಕಾಲದಲ್ಲಿ ರತ್ನಾವತಿಯ ಗಂಡನ ಮನೆಯವರು ಅಲ್ಲಿ ಬಂದು ನೆಲೆನಿಂತವರು. ಆಮೇಲೆ ಐದು ಸೆಂಟ್ಸು ಜಾಗ ಹಾಗೆ ಬಂದವರ ಹೆಸರಿಗೇ ಆಯಿತು. ಕಾಗದದಲ್ಲಿ ಗಡಿ ಬಂತೇ ಹೊರತು ನೆಲದ ಮೇಲೆ ಬರಲಿಲ್ಲ. ಒಂದು ಸಾಲು ಮಲ್ಲಿಗೆ ಗಿಡ, ಬಟ್ಟೆ ಒಣಗಿಸುವ ಒಂದು ಹಗ್ಗ, ಅಷ್ಟೇ. ಮೂರು ವರ್ಷದ ಹಿಂದೆ ಗಾಳಿಗೆ ತೆಂಗಿನ ಮರ ಬಿದ್ದು ರತ್ನಾವತಿಯ ಹಂಚಿನ ಮಾಡು ಕುಸಿದಾಗ ಸ್ಟ್ಯಾನಿಸ್ಲಾಸರು, ತಾರಸಿ ಸೋರುತ್ತದೆಂದು, ತಮ್ಮ ಮನೆಯ ಮೇಲೆ ಹಸಿರು ತಗಡಿನ ಶೀಟು ಹೊದಿಸುತ್ತಿದ್ದರು. ಉಳಿದ ಒಂಬತ್ತು ಶೀಟುಗಳನ್ನು ಅದೇ ಕೆಲಸದವರಿಂದ ರತ್ನಾವತಿಯ ಮನೆಗೆ ಹಾಕಿಸಿಕೊಟ್ಟರು. ಮಣ್ಣಿನ ಗೋಡೆ, ಹಳೆಯ ಪಕ್ಕಾಸಿನ ಮರಗಳು, ಅವುಗಳ ಮೇಲೆ ನೇರ ಶೀಟು. ಬೇಸಗೆಯ ಮಧ್ಯಾಹ್ನ ಒಳಗೆ ಕಾವಲಿಯ ಹಾಗೆ ಕಾಯುತ್ತಿತ್ತು. ಆದರೂ ಮಳೆ ಒಳಗೆ ಬರುತ್ತಿರಲಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಅಷ್ಟು ಸಾಕಿತ್ತು.

ಜೋಸ್ಲಿನ್ ಕೆಲಸ ಮಾಡುತ್ತಿದ್ದದ್ದು ಮಣಿಪಾಲದಲ್ಲಿ. ಕಟಪಾಡಿಯ ಮೇಲಾಗಿ ಉಡುಪಿ, ಅಲ್ಲಿ ಬಸ್ಸು ಬದಲಿಸಿ ಮಣಿಪಾಲ. ಒಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಲವತ್ತು ಕಂಪ್ಯೂಟರುಗಳ ಒಂದು ಕೋಣೆ. ಏನು ಕೆಲಸ ಎಂದು ಕೇಳಿದವರಿಗೆ ಅವಳು ಮೊದಮೊದಲು ವಿವರಿಸುತ್ತಿದ್ದಳು. ಆಕಾಶದಿಂದ ತೆಗೆದ ಊರುಗಳ ಚಿತ್ರ ಬರುತ್ತದೆ. ಒಂದೊಂದು ಮನೆಯ ಮಾಡಿನ ಸುತ್ತ ಗೆರೆ ಎಳೆಯಬೇಕು. ಇದು ಹಂಚು, ಇದು ತಾರಸಿ, ಇದು ಶೀಟು, ಇದು ಟಾರ್ಪಾಲು ಅಥವಾ ಹೆಣೆದ ತೆಂಗಿನ ಗರಿಯ ಮಡಲು ಎಂದು ಹೆಸರು ಕೊಡಬೇಕು. ಸಾವಿರಾರು ಜನ ಹೀಗೆ ಹೆಸರು ಕೊಟ್ಟದ್ದನ್ನು ನೋಡಿ ನೋಡಿ ಕಂಪ್ಯೂಟರು ತಾನೇ ಕಲಿಯುತ್ತದೆ. ಕಲಿತ ಮೇಲೆ ಯಾರ ಮನೆ ಹೇಗಿದೆ, ಯಾರಿಗೆ ಬಡವರ ರೇಷನ್ ಕಾರ್ಡು ಬೇಕು, ಯಾರಿಗೆ ಬೇಡ ಎಂದು ಸರಕಾರಕ್ಕೆ ಹೇಳುತ್ತದೆ. ಇದನ್ನು ಕೇಳಿ ರತ್ನಾವತಿ ಒಮ್ಮೆ, ಹಾಗಾದರೆ ಅದಕ್ಕೆ ಅಆಇಈ ಕಲಿಸುವ ಟೀಚರು ನೀನು ಎಂದಿದ್ದಳು. ಆ ಮಾತು ಜೋಸ್ಲಿನ್‌ಗೆ ಹಿತವಾಗಿತ್ತು. ಗಂಡ ಡೀನ್ ಮೆಕ್ಯಾನಿಕ್ ಆಗಿದ್ದ ಉಚ್ಚಿಲದ ಐಸ್ ಪ್ಲಾಂಟಿನಲ್ಲಿ ವಾರಕ್ಕೆ ಮೂರು ದಿನ ಮಾತ್ರ ಕೆಲಸ ಉಳಿದಿತ್ತು. ಹಾಗಾಗಿ ಮನೆ ನಡೆಯುತ್ತಿದ್ದದ್ದು ಟೀಚರಳ ಸಂಬಳದಲ್ಲಿ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವಳು ಒಂದು ದೊಡ್ಡ ತಪ್ಪನ್ನು ತಿದ್ದಿದ್ದಳು. ಮೇಲಿನಿಂದ ಬಂದ ನಿಯಮಗಳ ಪುಸ್ತಕದಲ್ಲಿ, ಶೀಟಿನ ಮಾಡು ಎಂದರೆ ಬಡವರ ಮನೆ ಎಂದಿತ್ತು. ಬರೆದವರು ಮಳೆ ಕಾಣದ ಸೀಮೆಯವರಿರಬೇಕು. ಜೋಸ್ಲಿನ್ ಕೈಯೆತ್ತಿ, ನಮ್ಮಲ್ಲಿ ಹಾಗಲ್ಲ ಎಂದಳು. ಇಲ್ಲಿ ತಾರಸಿ ಹಾಕಿಸಿದವರೇ ಮಳೆಗೆ ಹೆದರಿ ಅದರ ಮೇಲೆ ಶೀಟು ಹೊದಿಸುತ್ತಾರೆ, ಅಡಿಕೆ, ಕೊಬ್ಬರಿ ಒಣಗಿಸುತ್ತಾರೆ, ಮದುವೆಯ ಊಟವನ್ನೂ ಅದರ ಕೆಳಗೇ ಬಡಿಸುತ್ತಾರೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. “ಶೀಟು ಇದ್ದಲ್ಲಿ ಕೆಳಗೆ ತಾರಸಿ ಉಂಟು ಅಂತಲೇ ತಿಳಿಯಬೇಕು,” ಎಂದಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣ ಮುಂದೆ ಇದ್ದದ್ದು ಮಾವನ ಮನೆ. ಮೂವತ್ತು ವರ್ಷ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಕಟ್ಟಿಸಿದ ಆ ಮನೆಯನ್ನು ಯಾವನೋ ಮೇಲಿನಿಂದ ನೋಡಿ ಬಡವರದ್ದು ಎಂದುಬಿಟ್ಟರೆ ಎಂಬ ಸಣ್ಣ ಅವಮಾನ. ಮಾತು ಮೇಲೆ ಹೋಯಿತು, ಒಪ್ಪಿಗೆಯಾಯಿತು, ಕರಾವಳಿಗೆಲ್ಲ ನಿಯಮವಾಯಿತು. ಅವಳಿಗೆ ಎಲ್ಲರೆದುರು ಒಂದು ಸ್ಟೀಲಿನ ನೀರಿನ ಬಾಟಲಿ ಕೊಟ್ಟರು. ಆರು ತಿಂಗಳಲ್ಲಿ ಗೆರೆ ಎಳೆಯುವ ಕೆಲಸದಿಂದ, ಕಂಪ್ಯೂಟರು ಎಳೆದ ಗೆರೆ ಸರಿಯೋ ತಪ್ಪೋ ನೋಡುವ ಕೆಲಸಕ್ಕೆ ಬಡ್ತಿ ಸಿಕ್ಕಿತು.

ಬಾಟಲಿ ಕೊಟ್ಟ ದಿನ ಪರದೆಯ ಮೇಲೆ ಮಾತಾಡಿದ ದೊಡ್ಡ ಅಧಿಕಾರಿಯೊಬ್ಬರು, ನಿಮ್ಮ ಜಿಲ್ಲೆ ಬೆಳೆಯುತ್ತಿದೆ ಎಂದರು. ಬೆಳೆಯುವ ಕಡೆ ಬಡವರು ವರ್ಷವರ್ಷವೂ ಕಡಿಮೆಯಾಗಬೇಕು. ಬೇಡದವರ ಕೈಯಿಂದ ತಪ್ಪಿಸಿದ ಹಣ ರಸ್ತೆಯಾಗುತ್ತದೆ, ಬಂದರಾಗುತ್ತದೆ, ಇನ್ನಷ್ಟು ಬೆಳವಣಿಗೆಯಾಗುತ್ತದೆ. ಹಾಗಾಗಿ ಎಷ್ಟು ಬಡವರನ್ನು ನಿರೀಕ್ಷಿಸಬೇಕು ಎಂಬುದನ್ನೂ ಕಂಪ್ಯೂಟರಿಗೆ ಕಲಿಸಿದ್ದೇವೆ ಎಂದರು. ಜೋಸ್ಲಿನ್‌ಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಯಾರಿಗೂ ಕಾಣಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ, ಕೊಟ್ಟ ಕಟ್ಲೆಟ್ ತಿಂದು, ಬಸ್ಸು ಹಿಡಿದರು.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ರತ್ನಾವತಿ ಕಿಟಕಿಯ ಸಂದಿಯಿಂದ ಮೊಬೈಲನ್ನು ಒಳಗೆ ಚಾಚಿ, ಇದರಲ್ಲಿ ಎಂತದೋ ಬಂದಿದೆ, ಓದು ಎಂದಳು. ಅವಳ ರೇಷನ್ ಕಾರ್ಡನ್ನು ತಡೆಹಿಡಿಯಲಾಗಿದೆ ಎಂದಿತ್ತು. ಜುಲೈ ಎಂಟಕ್ಕೆ ಉಡುಪಿಯಲ್ಲಿ ಅವಳ ಸೊಂಟದ ಆಪರೇಷನ್ ನಿಗದಿಯಾಗಿತ್ತು. ಹತ್ತು ತಿಂಗಳು ಸರದಿಯಲ್ಲಿ ಕಾದು ಸಿಕ್ಕಿದ ತಾರೀಕು. ಕಾರ್ಡು ಇದ್ದರೆ ಸರಕಾರದ ಲೆಕ್ಕದಲ್ಲಿ ಆಗುವಂಥದ್ದು; ಇಲ್ಲದಿದ್ದರೆ ಅವಳ ಏಳು ಜನ್ಮದ ಮಲ್ಲಿಗೆ ಮಾರಿದರೂ ಆಗುವಂಥದ್ದಲ್ಲ.

ಮರುದಿನ ಜೋಸ್ಲಿನ್ ಅರ್ಧ ದಿನ ರಜೆ ಹಾಕಿ ಅವಳನ್ನು ಕಾಪುವಿನ ಒಂದು ಸೇವಾ ಕೇಂದ್ರಕ್ಕೆ ರಿಕ್ಷಾದಲ್ಲಿ ಕರೆದುಕೊಂಡು ಹೋದಳು. ಅಲ್ಲಿದ್ದವನು ಕರುಣಾಕರ ಎಂಬವನು, ನಲವತ್ತು ದಾಟಿದ, ಎಲ್ಲರೊಡನೆ ನಗುತ್ತ ಮಾತಾಡುವ ಮನುಷ್ಯ. ಅವನು ನಂಬರು ಒತ್ತಿ ನೋಡಿ, ಕಾರಣದ ಜಾಗದಲ್ಲಿ ‘ವಸತಿ: ತಾರಸಿ ಮನೆ’ ಎಂದಿರುವುದನ್ನು ಓದಿ ಹೇಳಿದ. ರತ್ನಾವತಿ ಅಷ್ಟು ನೋವಿನಲ್ಲೂ ನಕ್ಕಳು.

“ಎಂತ ಮಾರಾಯ್ರೆ, ನನ್ನ ಮನೆಗೆ ತಾರಸಿ ಬಂದದ್ದು ನನಗೇ ಗೊತ್ತಿಲ್ಲ. ಮೇಲೆ ಹತ್ತಲಿಕ್ಕೆ ಮೆಟ್ಟಿಲು ಎಲ್ಲಿ ಉಂಟು ಅಂತಲೂ ಅದರಲ್ಲೇ ನೋಡಿ ಹೇಳಿ.”

ಕರುಣಾಕರನೂ ನಕ್ಕ. ಆಮೇಲೆ ದನಿ ತಗ್ಗಿಸಿ, ಮೊದಲು ಯಾರಾದರೊಬ್ಬರು ಮನೆಗೆ ಬಂದು ನೋಡಿ ಹೋಗುತ್ತಿದ್ದರು, ಒಲೆ ನೋಡಿದರೆ ಸಾಕಿತ್ತು, ಈಗ ಯಾರೂ ಬರುವುದಿಲ್ಲ ಎಂದ. ಆಕ್ಷೇಪಣೆ ಹಾಕಬಹುದು. ಹಾಕಿದರೆ ಆ ಚಿತ್ರವನ್ನೇ ಮತ್ತೊಮ್ಮೆ ನೋಡುತ್ತಾರೆ. ಒಳಗಿನ ಫೋಟೋ ಸೇರಿಸಬಹುದೇ ಎಂದು ಜೋಸ್ಲಿನ್ ಕೇಳಿದಳು. ಅದಕ್ಕೆ ಜಾಗ ಇಲ್ಲ ಎಂದು ಪರದೆಯನ್ನೇ ಅವಳ ಕಡೆ ತಿರುಗಿಸಿ ತೋರಿಸಿದ. ಆಕ್ಷೇಪಣೆ ಹಾಕಿ ಅವರು ಹೊರಗೆ ಬರುವಷ್ಟರಲ್ಲಿ ಅದನ್ನು ಪರಿಶೀಲನೆಗೆ ಕಳುಹಿಸಲಾಗಿದೆ ಎಂದು ಸಂದೇಶ ಬಂತು.

ಅದನ್ನು ಎಲ್ಲಿಗೆ ಕಳುಹಿಸಿರುತ್ತಾರೆ ಎಂಬುದು ಜೋಸ್ಲಿನ್‌ಗೆ ಗೊತ್ತಿತ್ತು. ತಾರಸಿ ಎಂಬ ಮಾತು ಎಲ್ಲಿಂದ ಬಂತು ಎಂಬುದೂ ಗೊತ್ತಿತ್ತು. ರಿಕ್ಷಾದಲ್ಲಿ ರತ್ನಾವತಿ ಮಾತಾಡುತ್ತಲೇ ಇದ್ದಳು. ಜೋಸ್ಲಿನ್ ಹೂಂಗುಟ್ಟಿದಳು, ಅಷ್ಟೇ.

ಮರುದಿನ ಅವಳು ಆಫೀಸಿನಲ್ಲಿ ಪ್ರಖ್ಯಾತನ ಹತ್ತಿರ ಹೋದಳು. ಕಾರ್ಕಳದ ಹುಡುಗ, ಅವಳಿಗಿಂತ ಎಂಟು ವರ್ಷ ಚಿಕ್ಕವನು, ಅವಳ ತಂಡದ ಮೇಲ್ವಿಚಾರಕ. ಎಲ್ಲವನ್ನೂ ಕೇಳಿದ. ಕೆಟ್ಟವನಲ್ಲ, ಕೇಳುವಾಗ ಅವನ ಮುಖವೂ ಸಣ್ಣಗಾಯಿತು.

“ಅಕ್ಕ, ಆ ನಿಯಮ ನೀವೇ ಹೇಳಿದ್ದಲ್ವಾ? ಅದು ಈಗ ಪುಸ್ತಕದಲ್ಲಿ ಇಲ್ಲ, ಕಂಪ್ಯೂಟರಿನ ಒಳಗೆ ಹೋಗಿದೆ. ಒಂದು ಮನೆಗೆ ಬೇಡ ಅಂತ ತೆಗೆಯಲಿಕ್ಕೆ ಬರುವುದಿಲ್ಲ.”

ಶೀಟಿನ ಕೆಳಗೆ ಏನೂ ಇಲ್ಲದ ಮನೆಗಳೂ ಉಂಟಲ್ಲ, ಅದನ್ನೂ ಸೇರಿಸಿ ಎಂದು ಬರೆದು ಕಳುಹಿಸುವ ಎಂದಳು ಜೋಸ್ಲಿನ್. ಅವನು ಆಗಲೇ ಬರೆದಿದ್ದನಂತೆ, ಬೈಂದೂರಿನ ಕಡೆಯ ಒಂದು ಮನೆಗಾಗಿ. ಹತ್ತು ನಿಮಿಷದಲ್ಲಿ ಉತ್ತರ ಬಂದಿತ್ತು. ಬಹಳ ವಿನಯದ ಪತ್ರ, ಮೂರು ಪ್ಯಾರಾ, ನಿಮ್ಮ ಕಾಳಜಿಗೆ ಧನ್ಯವಾದಗಳು. ಅದನ್ನು ಬರೆದದ್ದೂ ಮನುಷ್ಯರಲ್ಲ ಎಂದ. ಆಮೇಲೆ, ಸಮಾಧಾನ ಮಾಡುವವನ ಹಾಗೆ, ಕಾರ್ಕಳದಲ್ಲಿ ತನ್ನ ದೊಡ್ಡಪ್ಪನದು ಹಂಚಿನ ಮನೆ, ಒಳಗೆ ಮೂರು ಏಸಿ ಉಂಟು, ಅವರ ಕಾರ್ಡು ಮಾತ್ರ ಬಂಡೆಯ ಹಾಗೆ ಗಟ್ಟಿ ಎಂದ. ಇಬ್ಬರಿಗೂ ನಗು ಬರಲಿಲ್ಲ.

ನಾಲ್ಕನೆಯ ದಿನ ಆ ಚಿತ್ರ ಅವಳ ಪರದೆಗೇ ಬಂತು. ಕಾಪು ಕಡೆಯ ಆಕ್ಷೇಪಣೆಗಳನ್ನು ಹೆಚ್ಚಾಗಿ ಅವಳಿಗೇ ಹಾಕುತ್ತಿದ್ದರು, ಊರು ಬಲ್ಲವಳೆಂದು. ಮೊದಲು ಗುರುತು ಹತ್ತಿದ್ದು ಹಗ್ಗದ ಮೇಲಿನ ತನ್ನದೇ ಹಳದಿ ಬೆಡ್‌ಶೀಟು. ಅದರ ಈಚೆ ಒಂದು ಹಸಿರು ಮಾಡು, ಆಚೆ ಇನ್ನೊಂದು ಹಸಿರು ಮಾಡು. ಒಂದು ದೊಡ್ಡದು, ಒಂದು ಚಿಕ್ಕದು ಎಂಬುದನ್ನು ಬಿಟ್ಟರೆ ಒಂದೇ ಬಳ್ಳಿಯ ಕಾಯಿಗಳು. ಚಿಕ್ಕದರ ಸುತ್ತ ಕಂಪ್ಯೂಟರು ಅಚ್ಚುಕಟ್ಟಾಗಿ ಗೆರೆ ಎಳೆದು, ಶೀಟಿನ ಕೆಳಗೆ ತಾರಸಿ, ನೂರಕ್ಕೆ ತೊಂಬತ್ತೇಳರಷ್ಟು ಖಚಿತ ಎಂದು ಬರೆದಿತ್ತು. ಅವಳ ಮಾತು ಅವಳ ಎದುರೇ ನಿಂತಿತ್ತು.

ಅವಳು ‘ತಪ್ಪು’ ಎಂಬುದನ್ನು ಒತ್ತಿದಳು. ಕಾರಣ ಕೇಳಿತು. ಕೊಟ್ಟ ನಾಲ್ಕು ಕಾರಣಗಳಲ್ಲಿ ಒಂದು, ಈ ಮನೆ ನನಗೆ ಪರಿಚಯದ್ದು ಎಂಬುದು. ಅದನ್ನು ಒತ್ತಿದರೆ ಚಿತ್ರ ತಕ್ಷಣ ಬೇರೆಯವರಿಗೆ ಹೋಗುತ್ತದೆ. ಬಲ್ಲವರು ಹೇಳಬಾರದು ಎಂಬುದು ಅಲ್ಲಿಯ ಕಾನೂನು. ಅವಳು ಚಿತ್ರ ಸ್ಪಷ್ಟವಿಲ್ಲ ಎಂಬುದನ್ನು ಒತ್ತಿದಳು. ಅದು ಸುಳ್ಳು. ಆ ಚಿತ್ರದಲ್ಲಿ ಹಗ್ಗಕ್ಕೆ ಸಿಕ್ಕಿಸಿದ ಕ್ಲಿಪ್ಪನ್ನೂ ಎಣಿಸಬಹುದಿತ್ತು. ಚಿತ್ರ ಎಲ್ಲೋ ದೂರದ ಇನ್ನಿಬ್ಬರಿಗೆ ಹೋಯಿತು. ಅವರು ನಿಯಮ ನೋಡಿದರು, ಸರಿ ಎಂದರು. ಸಂಜೆಯೊಳಗೆ ಅವಳ ಹೆಸರಿನ ಮುಂದೆ ಒಂದು ತಪ್ಪು ಬಿದ್ದಿತ್ತು, ರತ್ನಾವತಿಯ ಮೊಬೈಲಿಗೆ ‘ಬದಲಾವಣೆ ಇಲ್ಲ’ ಎಂದು ಬಂದಿತ್ತು.

“ಅದಕ್ಕೆ ಎಂತ ಕಂಡರೆ ನಾನು ಬಡವಳು ಅಂತ ಗೊತ್ತಾಗ್ತದೆ, ಮಗಾ?”

ಮರುದಿನ ಬೆಳಿಗ್ಗೆ ಕಿಟಕಿಯಾಚೆಯಿಂದ ರತ್ನಾವತಿ ಕೇಳಿದಳು. ಕೈ ಹೂ ಕಟ್ಟುತ್ತಲೇ ಇತ್ತು. ಜೋಸ್ಲಿನ್ ಬುತ್ತಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಟಾರ್ಪಾಲು, ಅಥವಾ ಮಡಲು ಎಂದಳು. ಮೇ ಕೊನೆಗೆ ಡ್ರೋನಿನಿಂದ ಇನ್ನೊಂದು ಸಲ ಚಿತ್ರ ತೆಗೆಯುತ್ತಾರೆ. ಅದು ತಪ್ಪಿದರೆ ಮಳೆಗಾಲ, ಅಕ್ಟೋಬರ್ ತನಕ ಇಲ್ಲ. ಇದಿಷ್ಟನ್ನು ಹೇಳಬಾರದು ಎಂದು ಅವಳು ಆಫೀಸಿನಲ್ಲಿ ಕಾಗದಕ್ಕೆ ಸಹಿ ಹಾಕಿದ್ದಳು. ಹೇಳಿದಳು.

ರತ್ನಾವತಿ ಹೂವಿನ ಸರವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಹಾಗಾದರೆ ಶೀಟು ಇಳಿಸುವ ಎಂದಳು. ಬೇರೆ ಯಾರದೋ ಮನೆಯ ಮಾತಿನ ಹಾಗೆ.

ಸ್ಟ್ಯಾನಿಸ್ಲಾಸರಿಗೆ ಇದು ಹುಚ್ಚು ಎನಿಸಿತು. ಮಳೆಗಾಲ ಹದಿನೈದು ದಿನ ಇರುವಾಗ ಯಾರಾದರೂ ಮಾಡು ತೆಗೆಯುತ್ತಾರೆಯೇ, ಬಡತನ ತೋರಿಸಲು ಅದೇನು ಹೆಣ್ಣು ನೋಡುವ ಶಾಸ್ತ್ರವೇ ಎಂದು ಗೊಣಗಿದರು. ಆದರೂ ಮಡಲು ಅವರ ತೋಟದ್ದೇ ಬಂತು. ಹೆಣೆಯುವುದನ್ನು ಬಲ್ಲವರು ಊರಲ್ಲಿ ಉಳಿದಿರಲಿಲ್ಲ. ರತ್ನಾವತಿಯೇ ಗೋಡೆಗೆ ಒರಗಿ ನಿಂತು ನಾಲ್ಕು ದಿನ ಹೆಣೆದಳು. ಮೇ ಇಪ್ಪತ್ತಾರರ ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಬಂದ ಡೀನ್ ಪ್ಯಾಂಟು ಮಡಚಿ ಮೇಲೆ ಹತ್ತಿದ. ಜೋಸ್ಲಿನ್ ಏಣಿ ಹಿಡಿದಳು. ಒಂದೊಂದೇ ಬೋಲ್ಟು ಬಿಚ್ಚಿ ಒಂದೊಂದೇ ಶೀಟು ಕೆಳಗೆ ಬಂತು. ಮನೆಯ ಒಳಗೆ ಎಂದೂ ಬೀಳದ ಬಿಸಿಲು ಒಲೆಯ ಮೇಲೆ, ಮಡಚಿಟ್ಟ ಚಾಪೆಯ ಮೇಲೆ, ಗೋಡೆಯ ಗಂಡನ ಫೋಟೋದ ಮೇಲೆ ಬಿತ್ತು.

ಆಗ ಜೋಸ್ಲಿನ್‌ಗೆ ತಡೆಯಲಾಗಲಿಲ್ಲ. ಏಣಿ ಹಿಡಿದುಕೊಂಡೇ ಹೇಳಿದಳು.

“ರತ್ನಕ್ಕ, ಶೀಟು ಇದ್ದಲ್ಲಿ ತಾರಸಿ ಉಂಟು ಅಂತ ಅದಕ್ಕೆ ಕಲಿಸಿದ್ದು ನಾನು.”

ರತ್ನಾವತಿ ಕೆಳಗೆ ಬಿದ್ದ ಬೋಲ್ಟುಗಳನ್ನು ತನ್ನ ಊರುಗೋಲಿನ ತುದಿಯಿಂದ ಒಂದೆಡೆ ಗುಡ್ಡೆ ಮಾಡುತ್ತಿದ್ದಳು.

“ಸುಳ್ಳು ಹೇಳಿದ್ಯಾ?”

“ಇಲ್ಲ. ನಮ್ಮ ಮನೆ ನೆನಪಾಗಿ ಹೇಳಿದೆ.”

“ನನ್ನ ಮನೆ ನೆನಪಾಗಲಿಲ್ಲ.”

ಅದರಲ್ಲಿ ಸಿಟ್ಟಿರಲಿಲ್ಲ. ದಿನಾ ಕಿಟಕಿಯಾಚೆ ಕಾಣುವ ಮನೆ. ಆ ದಿನ ಕಾಗದದ ಮೇಲೆ ಮನೆಯ ಚಿತ್ರ ಬರೆಯುವಾಗ ಅದೊಂದೇ ಕಾಣದೆ ಹೋಗಿತ್ತು. ಮೇಲಿನಿಂದ ಡೀನ್, ಹುಷಾರು, ಶೀಟು ಬರ್ತದೆ ಎಂದ. ಇಬ್ಬರೂ ಪಕ್ಕಕ್ಕೆ ಸರಿದರು.

ಮೂರು ದಿನ ಬಿಟ್ಟು ಗದ್ದೆಗಳ ಮೇಲೆ ಜೇನುಹುಳದ ಹಾಗೆ ಸದ್ದು ಮಾಡುತ್ತ ಡ್ರೋನು ಬಂತು, ಊರಿನ ನಾಯಿಗಳೆಲ್ಲ ಬೊಗಳಿದವು, ಹೋಯಿತು. ಶೀಟುಗಳನ್ನು ಮೇಲಿನಿಂದ ಕಾಣಬಾರದೆಂದು ಸ್ಟ್ಯಾನಿಸ್ಲಾಸರ ಹಿತ್ತಿಲ ಹಲಸಿನ ಮರದ ಕೆಳಗೆ ಒರಗಿಸಿಟ್ಟಿದ್ದರು. ಉತ್ತರ ಬರುವ ತನಕ ಮಡಲು ಹಾಗೇ ಇರಲಿ, ಪುನಃ ಬಂದರೂ ಬರಬಹುದು ಎಂದು ಜೋಸ್ಲಿನ್ ಹೇಳಿದ್ದಳು. ಉತ್ತರಕ್ಕಿಂತ ಮೊದಲು ಮಳೆ ಬಂತು. ರತ್ನಾವತಿ ಒಲೆಯನ್ನು ಒಂದು ಮೂಲೆಗೆ, ಚಾಪೆಯನ್ನು ಇನ್ನೊಂದು ಮೂಲೆಗೆ ಸರಿಸಿದಳು. ಮನೆಯಲ್ಲಿ ಇದ್ದಷ್ಟು ಪಾತ್ರೆಗಳನ್ನು ನೆಲದಲ್ಲಿ ಹರಡಿದಳು. ನಮ್ಮಲ್ಲಿಗೇ ಬಂದು ಮಲಗಿ ಎಂದರೆ, ಮನೆಯಲ್ಲಿ ಜನ ಇಲ್ಲ ಅಂತ ಅದು ಬರೆದುಕೊಂಡರೆ ಎಂದು ಕೇಳಿದಳು. ತಮಾಷೆಗೆ ಹೇಳಿದ್ದೋ ಏನೋ, ಜೋಸ್ಲಿನ್‌ಗೆ ತಿಳಿಯಲಿಲ್ಲ. ಹಾಗೆ ಬರೆದುಕೊಳ್ಳುವುದಿಲ್ಲ ಎಂದು ಹೇಳಲೂ ಅವಳಿಗೆ ಧೈರ್ಯವಾಗಲಿಲ್ಲ.

ಜೂನ್ ಏಳಕ್ಕೆ ಚಿತ್ರ ಬಂತು. ಮಧ್ಯಾಹ್ನದ ಊಟ ಮುಗಿಸಿ ಜೋಸ್ಲಿನ್ ಕುರ್ಚಿಯಲ್ಲಿ ಕುಳಿತ ಕೂಡಲೇ. ಹಸಿರು ಮಾಡು ಒಂದೇ ಇತ್ತು, ಅವರದು. ಪಕ್ಕದಲ್ಲಿ ಕಂದು ಬಣ್ಣದ ಚೌಕ. ಹೊಸ ಮಡಲು ಎಷ್ಟು ಚೆನ್ನಾಗಿ ಹೆಣೆದಿತ್ತೆಂದರೆ ಮೇಲಿನಿಂದಲೂ ಎಳೆ ಎಳೆ ಕಾಣುತ್ತಿತ್ತು. ಅಡುಗೆಕೋಣೆಯ ಕಿಟಕಿಯ ಹತ್ತಿರ ಒಂದು ಬೂದು ಮಸುಕು. ಮನುಷ್ಯರು ಕಂಡಲ್ಲಿ ಕಂಪ್ಯೂಟರು ಮೊದಲೇ ಹಾಗೆ ಒರೆಸಿಬಿಡುತ್ತಿತ್ತು, ಯಾರ ಗುರುತೂ ಸಿಗಬಾರದೆಂದು. ಆ ಮಸುಕು ಹೂ ಕಟ್ಟುತ್ತಿತ್ತು.

ಈ ಸಲ ಅದು ಎರಡೂ ಮಾಡುಗಳನ್ನು ಸೇರಿಸಿ ಒಂದೇ ಗೆರೆ ಎಳೆದಿತ್ತು. ದೊಡ್ಡದಕ್ಕೆ ‘ಶೀಟಿನ ಕೆಳಗೆ ತಾರಸಿ’ ಎಂದೂ ಚಿಕ್ಕದಕ್ಕೆ ‘ಕೊಟ್ಟಿಗೆ, ವಾಸವಿಲ್ಲ, ಮುಖ್ಯ ಮನೆಗೆ ಸೇರಿದ್ದು’ ಎಂದೂ ಬರೆದಿತ್ತು. ಬೆಳೆಯುವ ಜಿಲ್ಲೆಯಲ್ಲಿ ಮಡಲಿನ ಮಾಡಿನ ಕೆಳಗೆ ದನ ಅಲ್ಲದೆ ಮತ್ಯಾರು ಇರುತ್ತಾರೆ? ನಡುವೆ ಗೋಡೆಯೂ ಇಲ್ಲ. ಖಚಿತತೆ ನೂರಕ್ಕೆ ತೊಂಬತ್ತೊಂಬತ್ತು.

ಅವಳು ‘ತಪ್ಪು’ ಒತ್ತಿದಳು. ಕಾರಣ ಕೇಳಿತು. ಹಿಂದಿನಿಂದ ಪ್ರಖ್ಯಾತ ಬಂದು ನಿಂತಿದ್ದ. ಪರದೆ ನೋಡಿದ, ಅರ್ಥವಾಯಿತು. ಇನ್ನೊಂದು ತಪ್ಪು ಬಿದ್ದರೆ ಈ ಕೆಲಸದಿಂದ ತೆಗೆದು ಪುನಃ ಕಲಿಕೆಗೆ ಹಾಕುತ್ತದೆ ಅಕ್ಕ, ನಾನಲ್ಲ, ಅದೇ ಹಾಕುತ್ತದೆ, ಕಲಿಕೆಯಲ್ಲಿ ಅರ್ಧ ಸಂಬಳ ಎಂದು ಮೆಲ್ಲಗೆ ಹೇಳಿದ. ಅವಳು ಈ ಸಲ ಸುಳ್ಳು ಹೇಳಲಿಲ್ಲ. ಈ ಮನೆ ನನಗೆ ಪರಿಚಯದ್ದು ಎಂಬುದನ್ನೇ ಒತ್ತಿದಳು. ಧನ್ಯವಾದಗಳು ಎಂದಿತು, ಚಿತ್ರ ಮಾಯವಾಯಿತು. ಆ ಜಾಗಕ್ಕೆ ಬಾರಕೂರಿನ ಯಾರದೋ ಹಂಚಿನ ಮನೆ ಬಂತು. ಅವಳು ಅದನ್ನು ನೋಡಿ ಸರಿ ಎಂದಳು. ಆಮೇಲೆ ಬಂದದ್ದನ್ನೂ ಸರಿ ಎಂದಳು. ಐದೂವರೆಯ ತನಕ ಎಲ್ಲವೂ ಸರಿಯಾಗಿಯೇ ಇದ್ದವು.

ಶಂಕರಪುರದಲ್ಲಿ ಬಸ್ಸಿಳಿದಾಗ ಮಳೆ ಹೊಡೆಯುತ್ತಿತ್ತು. ಬೆಳಕು ಇನ್ನೂ ಇತ್ತು. ರತ್ನಾವತಿ ಮನೆಯ ಒಳಗೆ ಬಾಗಿಲ ಹತ್ತಿರ, ನೀರು ಬೀಳದ ಒಂದು ಮೊಳ ಜಾಗದಲ್ಲಿ ನಿಂತಿದ್ದಳು. ಕೈಯಲ್ಲಿ ಮೊಬೈಲಿತ್ತು. ಅವಳಿಗೆ ಓದಲು ಬಾರದ ಉತ್ತರ ಆಗಲೇ ಬಂದಿತ್ತು. ಎಂತ ಬಂತು ಮಗಾ ಎಂದು ಅವಳು ಕೇಳಲಿಲ್ಲ. ಜೋಸ್ಲಿನ್ ಕೊಡೆಯನ್ನು ಬಾಗಿಲಿಗೆ ಒರಗಿಸಿದ ರೀತಿಯಲ್ಲೇ ಅವಳಿಗೆ ಗೊತ್ತಾಗಿರಬೇಕು. ಈ ಸಲವೂ ಕಾರ್ಡು ಇಲ್ಲ ಎಂದು ಜೋಸ್ಲಿನ್ ಹೇಳಿದಳು. ಕೊಟ್ಟಿಗೆ ಎಂಬ ಮಾತನ್ನು ಮುಚ್ಚಿಡಲಿಲ್ಲ.

ರತ್ನಾವತಿ ಮಾಡಿನ ಕಡೆ ನೋಡಿದಳು. ಹೆಣಿಗೆ ಚೆನ್ನಾಗಿಯೇ ಇತ್ತಲ್ಲ ಎಂದಳು. ಆಮೇಲೆ, “ಜುಲೈ ಎಂಟನೇ ತಾರೀಕು?” ಎಂದಳು.

“ಅಕ್ಟೋಬರಿಗೆ ಪುನಃ ಹಾಕುವ. ಆಮೇಲೆ ಪುನಃ ಸರದಿ.”

“ನಿಂತು ಕಟ್ಟಲಿಕ್ಕೆ ಅಭ್ಯಾಸ ಆಗಿದೆ,” ಎಂದಳು ರತ್ನಾವತಿ.

ಡೀನ್ ಉಚ್ಚಿಲದಿಂದ ಬಂದಿರಲಿಲ್ಲ. ಕಾಯಬಹುದಿತ್ತು. ಜೋಸ್ಲಿನ್ ಚೂಡಿದಾರಿನ ಶಾಲನ್ನು ಸೊಂಟಕ್ಕೆ ಬಿಗಿದು ಹಲಸಿನ ಮರದ ಕೆಳಗೆ ಹೋಗಿ ಮೊದಲ ಶೀಟನ್ನು ಎತ್ತಲು ನೋಡಿದಳು. ಒಬ್ಬರಿಂದ ಆಗುವಂಥದ್ದಲ್ಲ. ಬೇಡ ಎಂದರೂ ಕೇಳದೆ ರತ್ನಾವತಿ ಕೋಲೂರುತ್ತ ಬಂದು ಇನ್ನೊಂದು ತುದಿಗೆ ನಿಂತಳು. ಕೋಲನ್ನು ಮರಕ್ಕೆ ಒರಗಿಸಿದಳು. ಮಳೆ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಇಬ್ಬರೂ ಶೀಟನ್ನು ತಲೆಯ ಮೇಲೆ ಹೊತ್ತರು. ಅದರ ಕೆಳಗೆ ಮಾತು ಕೇಳಿಸದಷ್ಟು ಸದ್ದು. ಮುಂದೆ ಜೋಸ್ಲಿನ್, ಹಿಂದೆ ರತ್ನಾವತಿ, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತ.

ಮಲ್ಲಿಗೆ ಸಾಲಿನ ಹತ್ತಿರ ಬಂದಾಗ ರತ್ನಾವತಿ ಸುಸ್ತಾಗಿ ನಿಂತಳು. ಜೋಸ್ಲಿನ್ ಕೂಡ ನಿಂತಳು. ಈಗ ಯಾರಾದರೂ ಮೇಲಿನಿಂದ ನೋಡಿದರೆ ಹಿತ್ತಿಲಿನ ನಡುವೆ ಹಸಿರು ಬಣ್ಣದ ಒಂದು ಪುಟ್ಟ ಮಾಡು ಕಾಣುತ್ತದೆ. ಕೆಳಗೆ ತಾರಸಿ ಉಂಟು ಎಂದು ಕಂಪ್ಯೂಟರು ಹೇಳುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಹಿಂದಿನಿಂದ ಶೀಟು ಒಮ್ಮೆ ಅಲುಗಿತು, ಹೋಗುವ ಎಂಬಂತೆ. ಅವಳು ಹೆಜ್ಜೆ ಇಟ್ಟಳು.